ಹಿಮಾಲಯದ ಸರೋವರ ತಿಳಿ, ನಮ್ಮ ತೋಟದ ಕೆರೆ ಹಸಿರು: ಏಕೆ?

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮದು ಕಾಫಿ ತೋಟ. ಕಳೆದ ವರ್ಷ ಆಗಸ್ಟ್‌ನಲ್ಲಿ ಕಾಶ್ಮೀರಕ್ಕೆ ಹೋಗಿ ವಿಷನ್‌ಸರ್, ಗಂಗಾಬಲ್ ಸರೋವರಗಳ ತನಕ ಚಾರಣ ಮಾಡಿ ಬಂದೆವು. ದಡದವರೆಗೂ ಹೂವೋ ಹೂವು. ಆದರೆ ನೀರಿನೊಳಗೆ ಒಂದು ಕಡ್ಡಿ ಗಿಡ ಕಾಣಲಿಲ್ಲ, ತಳದ ಕಲ್ಲು ಎಣಿಸಬಹುದಿತ್ತು. ಕೆಳಗೆ ಶ್ರೀನಗರದ ದಾಲ್ ಸರೋವರದಲ್ಲಿ ಮಾತ್ರ ತಾವರೆ ತುಂಬಿತ್ತು. ನಮ್ಮ ತೋಟದ ಕೆರೆಯಂತೂ ಪ್ರತಿ ವರ್ಷ ಕಳೆಯಿಂದ ಮುಚ್ಚಿಹೋಗುತ್ತದೆ. ಎತ್ತರದ ಸರೋವರಗಳಲ್ಲಿ ಗಿಡ ಬೆಳೆಯುವುದೇ ಇಲ್ಲವೇ? ಕೊಡಗಿನ ಬೆಟ್ಟಗಳ ಮೇಲೆ ಅಂಥ ಸರೋವರ ಯಾಕಿಲ್ಲ? ಕಳೆಯನ್ನೆಲ್ಲ ಬುಡಸಮೇತ ತೆಗೆಸಿದರೆ ನಮ್ಮ ಕೆರೆಯೂ ಹಾಗೆ ತಿಳಿಯಾದೀತೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈ ಬೇಸಿಗೆಗೇ ಜೆಸಿಬಿ ತರಿಸುವ ಯೋಚನೆ ನಿಮಗಿರಬಹುದು. ದಯವಿಟ್ಟು ಬೇಡ. ಗಿಡವನ್ನೆಲ್ಲ ಕಿತ್ತುಹಾಕಿದರೆ ನಿಮ್ಮ ಕೆರೆ ವಿಷನ್‌ಸರ್ ಆಗುವುದಿಲ್ಲ. ಒಂದೆರಡು ತಿಂಗಳಲ್ಲಿ ನೀರೇ ಪಾಚಿಗಟ್ಟಿ ಹಸಿರಾಗುತ್ತದೆ, ಈಗ ಕಾಣುವಷ್ಟು ತಳವೂ ಆಮೇಲೆ ಕಾಣುವುದಿಲ್ಲ. ಕಾಶ್ಮೀರದ ಆ ನೀರು ತಿಳಿಯಾಗಿರುವುದು ಅದರಲ್ಲಿ ಗಿಡಕ್ಕೆ ಬೇಕಾದ ಆಹಾರವೇ ಇಲ್ಲದ್ದರಿಂದ. ನಿಮ್ಮ ಕೆರೆಯಲ್ಲಿ ಆಹಾರ ಬೇಕಾದ್ದಕ್ಕಿಂತ ಹೆಚ್ಚಿದೆ. ಆ ಆಹಾರವನ್ನು ಯಾರಾದರೂ ಉಣ್ಣಲೇಬೇಕು. ಬೇರೂರಿದ ಗಿಡ ಉಂಡರೆ ನೀರು ತಿಳಿಯಾಗಿ ಉಳಿಯುತ್ತದೆ, ತೇಲುವ ಸೂಕ್ಷ್ಮ ಪಾಚಿ ಉಂಡರೆ ಕದಡುತ್ತದೆ. ಇದು ಯಾಕೆ ಹೀಗೆ ಎಂದು ತಿಳಿಯಬೇಕಾದರೆ ನೀವು ನೋಡಿ ಬಂದ ಸರೋವರಗಳಿಂದಲೇ ಶುರುಮಾಡಬೇಕು.

ಮೊದಲಿಗೆ, ಆ ನೀರಿನಲ್ಲಿ ಏನೂ ಬೆಳೆಯುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ದಡದ ಕಲ್ಲಿನ ಮೇಲೆ ಕಾಲಿಟ್ಟಾಗ ಜಾರಿರಬೇಕು. ಆ ಜಾರುವಿಕೆಯೇ ಅಲ್ಲಿನ ಸಸ್ಯಸಂಪತ್ತು. ಕಲ್ಲಿನ ಮೈಗೆ ಅಂಟಿಕೊಂಡ ತೆಳು ಪೊರೆಯಲ್ಲಿ ಡಯಾಟಮ್‌ಗಳೆಂಬ ಗಾಜಿನ ಕವಚದ ಪಾಚಿಗಳು, ನೀಲಿಹಸಿರು ಪಾಚಿಗಳು, ಕೆಲವೆಡೆ ದಾರದಂಥ ಹಸಿರು ಪಾಚಿಗಳು ಇರುತ್ತವೆ. ವಿಷನ್‌ಸರ್, ಗಂಗಾಬಲ್ ಎರಡರಲ್ಲೂ ಟ್ರೌಟ್ ಮೀನುಗಳಿವೆ. ಮೀನು ಹುಳು ತಿನ್ನುತ್ತದೆ, ಹುಳುಗಳಲ್ಲಿ ಹೆಚ್ಚಿನವು ಈ ಪೊರೆಯನ್ನು ಕೆರೆದು ತಿನ್ನುತ್ತವೆ. ಗಿಡ ಕಾಣದ ಸರೋವರದಲ್ಲಿ ಮೀನಿದೆ ಎಂದರೆ ಕಾಣದ ಹಸಿರು ಅಲ್ಲಿ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಆದರೆ ಕಣ್ಣಿಗೆ ಕಾಣುವ, ಬೇರು ಬಿಡುವ ಗಿಡ ಯಾಕಿಲ್ಲ? ಒಂದೇ ಕಾರಣ ಹೇಳಿದರೆ ತಪ್ಪಾಗುತ್ತದೆ, ನಾಲ್ಕೈದು ಕಷ್ಟಗಳು ಒಟ್ಟಿಗೆ ಸೇರಿಕೊಳ್ಳುತ್ತವೆ. ಸುಮಾರು 3,700 ಮೀಟರ್ ಎತ್ತರದ ವಿಷನ್‌ಸರ್ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಹಿಮ, ಮಂಜುಗಡ್ಡೆಗಳ ಕೆಳಗಿರುತ್ತದೆ. ಗಿಡಕ್ಕೆ ಸಿಗುವುದು ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ, ಅಷ್ಟೇ. ಆ ಅವಧಿಯಲ್ಲೂ ನೀರು ತಣ್ಣಗಿರುತ್ತದೆ. ಎರಡನೆಯದು ನೆಲ. ಈ ಸರೋವರಗಳ ಬೋಗುಣಿ ಕೊರೆದದ್ದು ಹಿಮನದಿ. ಅದು ಬಂಡೆ ಉಜ್ಜಿ, ಮಣ್ಣು ಗೋರಿಕೊಂಡು ಹೋಗಿದೆ. ಹಿಂದೆ ಉಳಿದದ್ದು ಕಲ್ಲು, ಜಲ್ಲಿ. ಬೇರಿಗೆ ಬೇಕಾದ ಮೆದು ಕೆಸರು ಕೂಡಿಕೊಳ್ಳಲು ಸಾವಿರಾರು ವರ್ಷ ಬೇಕು. ಕೂಡಿಕೊಂಡ ಕಡೆಯೂ ವಸಂತದಲ್ಲಿ ಒಡೆದ ಮಂಜುಗಡ್ಡೆ ಗಾಳಿಗೆ ತೇಲುತ್ತ ದಡವನ್ನು ಕೆರೆದುಹಾಕುತ್ತದೆ. ಮೂರನೆಯದು ಆಹಾರ. ಸುತ್ತ ಮಣ್ಣೇ ತೆಳು ಇರುವಾಗ ನೀರಿಗೆ ರಂಜಕ, ಸಾರಜನಕ ಎಲ್ಲಿಂದ ಬರಬೇಕು? ನೀವು ಮೆಚ್ಚಿದ ಆ ತಿಳಿನೀರು ಹಸಿದ ನೀರು.

ನಾಲ್ಕನೆಯ ಕಷ್ಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳುವ ಆಸೆ ನನಗೆ. ನೆಲದ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಗಾಳಿಯಿಂದ ಸಲೀಸಾಗಿ ಸಿಗುತ್ತದೆ. ನೀರಿನೊಳಗೆ ಅದೇ ಅನಿಲ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಮೇಲಾಗಿ 3,700 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 63ರಷ್ಟು ಮಾತ್ರ, ಹಾಗಾಗಿ ನೀರಿನಲ್ಲಿ ಕರಗುವ ಪಾಲೂ ಆ ಮಟ್ಟಿಗೆ ಇಳಿಯುತ್ತದೆ. ತಣ್ಣೀರಿನಲ್ಲಿ ಅನಿಲ ಹೆಚ್ಚು ಕರಗುತ್ತದೆ ಎಂಬುದು ಇದನ್ನು ಸ್ವಲ್ಪ ಸರಿದೂಗಿಸುತ್ತದೆ. ಗಟ್ಟಿ ಬಂಡೆಯ ಮೇಲಿನ ಮೆದುನೀರಿನಲ್ಲಿ ಬೈಕಾರ್ಬನೇಟ್ ಕೂಡ ಕಡಿಮೆ. ಈ ಬಡತನಕ್ಕೆ ಒಗ್ಗಿಕೊಂಡ ಒಂದು ಗಿಡವಿದೆ, ಐಸೋಯಿಟಿಸ್. ಜರೀಗಿಡಗಳ ದೂರದ ನೆಂಟ. ನೋಡಲು ಒಂದು ಹಿಡಿ ಹುಲ್ಲಿನ ಹಾಗೆ. ಅದು ಇಂಗಾಲದ ಡೈಆಕ್ಸೈಡನ್ನು ಎಲೆಯಿಂದಷ್ಟೇ ಅಲ್ಲ, ಬೇರಿನ ಮೂಲಕ ಕೆಸರಿನಿಂದಲೂ ಹೀರಿಕೊಳ್ಳಬಲ್ಲದು. ಹಗಲು ಇತರ ಪಾಚಿ, ಗಿಡಗಳು ನೀರಿನ ಅನಿಲವನ್ನು ಬರಿದು ಮಾಡುತ್ತವೆ, ರಾತ್ರಿ ಅದು ಮತ್ತೆ ತುಂಬಿಕೊಳ್ಳುತ್ತದೆ. ಐಸೋಯಿಟಿಸ್ ರಾತ್ರಿಯೇ ಅದನ್ನು ಹೀರಿ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಿಸಿಲಿನಲ್ಲಿ ಬಳಸುತ್ತದೆ. ಮರುಭೂಮಿಯ ಕಳ್ಳಿ ನೀರು ಉಳಿಸಲು ಮಾಡುವ ಕೆಲಸವನ್ನು ನೀರಿನೊಳಗಿನ ಗಿಡವೊಂದು ಮಾಡುತ್ತದೆ ಎಂಬುದು ವಿಜ್ಞಾನಿಗಳಿಗೆ ತಿಳಿದದ್ದು 1981ರಲ್ಲಿ. ಆಂಡಿಸ್ ಪರ್ವತಗಳಲ್ಲಿ 4,000 ಮೀಟರ್ ಮೇಲಿನ ಜೌಗಿನಲ್ಲಿ ಬೆಳೆಯುವ ಇದರ ಒಂದು ಪ್ರಭೇದಕ್ಕೆ ಎಲೆಯಲ್ಲಿ ಪತ್ರರಂಧ್ರಗಳೇ (ಅನಿಲ ಒಳಹೊರಗೆ ಓಡಾಡುವ ಸಣ್ಣ ತೂತುಗಳೇ) ಇಲ್ಲ, ಪೂರ್ತಿ ಬೇರನ್ನೇ ನಂಬಿದೆ. ಈ ಕುಲದ ಗಿಡಗಳು ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ. ಪಂಚಗಣಿಯ ಹೆಸರನ್ನೇ ಹೊತ್ತ ಒಂದು ಪ್ರಭೇದ ಅಲ್ಲಿನ ಬಂಡೆಹಾಸಿನ ಮಳೆಗಾಲದ ನೀರಿನಲ್ಲಿ ಬೆಳೆಯುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟೆಲ್ಲ ಕಷ್ಟವಿದ್ದರೂ ಹೂಬಿಡುವ ಜಲಸಸ್ಯಗಳು ಎತ್ತರಕ್ಕೆ ಹೋಗಿಲ್ಲ ಎಂದಲ್ಲ. ಎವರೆಸ್ಟ್ ಸುತ್ತಲಿನ ಸಣ್ಣ ಕೆರೆಗಳಲ್ಲಿ 4,700 ಮೀಟರ್ ಆಸುಪಾಸಿನಲ್ಲಿ ರನನ್‌ಕ್ಯುಲಸ್ ಕುಲದ ಒಂದು ಗಿಡ ಸಿಕ್ಕಿದೆ. ನೀರಿನೊಳಗೆ ಕೂದಲಿನಂಥ ಎಲೆ, ಮೇಲೆ ಬಿಳಿ ಹೂ. ಲಡಾಖ್‌ನ ಕೆರೆಗಳಲ್ಲೂ, ನಿಧಾನವಾಗಿ ಹರಿಯುವ ತೊರೆಗಳಲ್ಲೂ ಇದರ ಜತೆ ಕುದುರೆಬಾಲದ ಆಕಾರದ ಹಿಪ್ಪುರಿಸ್, ದಾರದೆಲೆಯ ಪೊಟಮೊಗೆಟಾನ್, ಕಾರಾ ಎಂಬ ಸುಣ್ಣದ ಪಾಚಿ ಬೆಳೆಯುತ್ತವೆ. ಕಪ್ಪುಕತ್ತಿನ ಕೊಕ್ಕರೆಗಳು ಗೂಡು ಕಟ್ಟುವುದು ಇಂಥ ಜೌಗುಗಳಲ್ಲೇ. ನೀವು ಹೋದ ದಾರಿಯಲ್ಲೂ ದೊಡ್ಡ ಸರೋವರದ ಪಕ್ಕದ ಆಳವಿಲ್ಲದ ಹೊಂಡಗಳನ್ನು, ತೊರೆ ಬಂದು ಸೇರುವ ಮೂಲೆಯ ಕೆಸರನ್ನು ಹುಡುಕಬೇಕಿತ್ತು. ಎತ್ತರದಲ್ಲಿ ಸಸ್ಯಗಳಿಗೆ ಇಷ್ಟವಾಗುವುದು ದೊಡ್ಡ ಸರೋವರವಲ್ಲ, ಅದರ ಪಕ್ಕದ ಪುಟ್ಟ ಗುಂಡಿ. ಆಳವಿಲ್ಲದ ನೀರು ಬೇಗ ಬಿಸಿಯಾಗುತ್ತದೆ, ಕೆಸರು ಅಲ್ಲೇ ನಿಲ್ಲುತ್ತದೆ.

ಇಲ್ಲಿ ಎತ್ತರದ ಬಗ್ಗೆ ಒಂದು ಮಾತು. ಮೀಟರ್ ಲೆಕ್ಕ ಒಂದನ್ನೇ ನಂಬಬೇಡಿ. ಪೆರು, ಬೊಲಿವಿಯಾ ದೇಶಗಳ ನಡುವಿನ ಟಿಟಿಕಾಕಾ ಸರೋವರ 3,812 ಮೀಟರ್ ಎತ್ತರದಲ್ಲಿದೆ, ಅಂದರೆ ವಿಷನ್‌ಸರ್‌ಗಿಂತಲೂ ಮೇಲೆ. ಆದರೂ ಅದರ ಅಂಚಿನಲ್ಲಿ ತೊತೊರಾ ಎಂಬ ಜೊಂಡು ಆಳೆತ್ತರಕ್ಕೂ ಮೀರಿ ಒತ್ತಾಗಿ ಬೆಳೆಯುತ್ತದೆ. ಉರೋಸ್ ಜನ ಆ ಜೊಂಡನ್ನೇ ಹಾಸಿ ತೇಲುವ ದ್ವೀಪ ಕಟ್ಟಿ, ಅದರ ಮೇಲೆ ಮನೆ ಮಾಡಿಕೊಂಡು ಬದುಕುತ್ತಾರೆ. ಟಿಟಿಕಾಕಾ ಸಮಭಾಜಕದಿಂದ 16 ಡಿಗ್ರಿ ದಕ್ಷಿಣಕ್ಕಿದೆ, ಕಾಶ್ಮೀರ 34 ಡಿಗ್ರಿ ಉತ್ತರಕ್ಕೆ. ಟಿಟಿಕಾಕಾದ ನೀರು ವರ್ಷವಿಡೀ ತಂಪಾಗಿರುತ್ತದೆ, ಆದರೆ ಕಾಶ್ಮೀರದ ಎತ್ತರದ ಸರೋವರಗಳಂತೆ ತಿಂಗಳುಗಟ್ಟಲೆ ಹೆಪ್ಪುಗಟ್ಟಿ ನಿಲ್ಲುವುದಿಲ್ಲ. ಗಿಡಕ್ಕೆ ಹನ್ನೆರಡು ತಿಂಗಳೂ ಸಿಗುತ್ತವೆ. ನೀವು ಕಂಡ ದಾಲ್ ಸರೋವರದ ಎತ್ತರ ಸುಮಾರು 1,580 ಮೀಟರ್. ನಮ್ಮ ತಡಿಯಂಡಮೋಳ್ 1,748 ಮೀಟರ್, ಬ್ರಹ್ಮಗಿರಿ 1,608. ಅಂದರೆ ಕೊಡಗಿನ ಬೆಟ್ಟದ ನೆತ್ತಿಗಳ ಮಟ್ಟದಲ್ಲೇ ದಾಲ್ ಇದೆ. ಅಲ್ಲಿ ಚಳಿಗಾಲದಲ್ಲಿ ಕೆಲವು ವರ್ಷ ಮೇಲ್ಪದರ ಹೆಪ್ಪುಗಟ್ಟುತ್ತದೆ, ಆದರೂ ತಾವರೆಯ ಗೆಡ್ಡೆ ಕೆಸರಿನಾಳದಲ್ಲಿ ಬದುಕುಳಿಯುತ್ತದೆ. ನೀರು ತನ್ನ ಅತಿ ಹೆಚ್ಚಿನ ಸಾಂದ್ರತೆ ಪಡೆಯುವುದು 4 ಡಿಗ್ರಿಯಲ್ಲಿ, ಹಾಗಾಗಿ ಮಂಜುಗಡ್ಡೆ ಮೇಲೆ ನಿಂತು ತಳ ಉಳಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬೇಕಾದಷ್ಟು ಬಿಸಿಲು. ಬೆಟ್ಟಗಳಿಂದ ಇಳಿದ ಹೂಳು, ಸುತ್ತಲಿನ ಊರಿನ ಕೊಳಚೆ, ತೇಲುವ ತರಕಾರಿ ತೋಟಗಳ ಗೊಬ್ಬರ ಎಲ್ಲ ಸೇರಿ ತಾವರೆಗೆ ಊಟ. ಶ್ರೀನಗರದವರು ನದ್ರು ಎಂದು ತಿನ್ನುವುದು ಆ ತಾವರೆಯ ಗೆಡ್ಡೆಯನ್ನೇ. ಸ್ವಲ್ಪ ದೂರದ ವುಲರ್ ಸರೋವರದಲ್ಲಿ ಸಿಂಘಾಡೆ ಎಂಬ ನೀರಿನ ಕಾಯಿ ಬೆಳೆದು ಸಾವಿರಾರು ಕುಟುಂಬ ಬದುಕುತ್ತವೆ.

ಹೂವಿನ ದಡಗಳ ಬಗ್ಗೆ ನೀವು ಹೆಚ್ಚು ಕೇಳಿಲ್ಲ, ಆದರೂ ನೀರು ಮತ್ತು ದಡದ ನಡುವಿನ ಆ ವ್ಯತ್ಯಾಸಕ್ಕೆ ಕಾರಣ ಹೇಳಲೇಬೇಕು. ಪಶ್ಚಿಮ ಹಿಮಾಲಯದಲ್ಲಿ ಸುಮಾರು 3,500 ಮೀಟರ್ ದಾಟಿದ ಮೇಲೆ ಮರ ನಿಲ್ಲುತ್ತದೆ. ಕೊನೆಯ ಮರ ಸಾಮಾನ್ಯವಾಗಿ ಭೂರ್ಜ, ಅದರ ಮೇಲೆ ಕುಳ್ಳ ರೊಡೊಡೆಂಡ್ರಾನ್, ಜುನಿಪರ್ ಪೊದೆ, ಆಮೇಲೆ ಹುಲ್ಲುಗಾವಲು. ಮರದ ನೆರಳಿಲ್ಲ, ಹಿಮ ಕರಗಿದ ನೀರು ಬೇಸಿಗೆಯುದ್ದಕ್ಕೂ ಒಸರುತ್ತಿರುತ್ತದೆ. ನೀರಿನಂಚಿನಲ್ಲೇ ಹಳದಿ ಕ್ಯಾಲ್ತಾ, ಪ್ರಿಮುಲಾ, ಜೇಕಿನ ಜಾತಿಯ ಹುಲ್ಲುಗಳು. ಒಂದಿಷ್ಟು ಮೇಲೆ, ನೀರು ಬಸಿದುಹೋಗುವ ಕಡೆ, ಪೊಟೆಂಟಿಲ್ಲಾ, ಜೆರೇನಿಯಂ, ಪೆಡಿಕ್ಯುಲಾರಿಸ್. ಕಲ್ಲುಸಂದಿಯಲ್ಲಿ ನೀಲಿ ಗಸಗಸೆ ಹೂ. ಹಿಮ ಎಲ್ಲಿ ಮೊದಲು ಕರಗಿತೋ ಅಲ್ಲಿ ಮೊದಲು ಹೂ, ಹಾಗಾಗಿ ಒಂದೇ ಇಳಿಜಾರಿನಲ್ಲಿ ಒಂದೇ ಗಿಡ ಕಾಯಿ, ಹೂ, ಮೊಗ್ಗು ಮೂರೂ ಹಂತದಲ್ಲಿ ಸಿಗುತ್ತದೆ. ಉತ್ತರಾಖಂಡದ ಹೇಮಕುಂಡದ ಸುತ್ತ ಬೆಳೆಯುವ ಬ್ರಹ್ಮಕಮಲ ಹೂಗೊಂಚಲನ್ನು ಕಾಗದದಂಥ ಅರೆಪಾರದರ್ಶಕ ಎಲೆಗಳಿಂದ ಸುತ್ತಿಕೊಂಡಿರುತ್ತದೆ, ಒಳಗೆ ಗಾಜಿನ ಮನೆಯಲ್ಲಿರುವ ಹಾಗೆ ಬೆಚ್ಚಗಿರುತ್ತದೆ, ಮಳೆಯಿಂದ ಪರಾಗಕ್ಕೆ ರಕ್ಷಣೆಯೂ ಆಗುತ್ತದೆ. ಎತ್ತರಕ್ಕೆ ಹೋದಂತೆ ಸಾವಿರ ಮೀಟರಿಗೆ ಅತಿನೇರಳೆ ಕಿರಣ ಶೇ. 10ರಷ್ಟು ಹೆಚ್ಚುತ್ತದೆ. ಅಲ್ಲಿನ ಎಷ್ಟೋ ಗಿಡಗಳ ಮೈಮೇಲೆ ದಟ್ಟ ರೋಮ ಇರುವುದಕ್ಕೆ ಚಳಿಯ ಜತೆ ಈ ಬಿಸಿಲೂ ಕಾರಣ. ದಡದ ಗಿಡಕ್ಕೆ ತೆಳುವಾದರೂ ಮಣ್ಣಿದೆ, ಗಾಳಿಯ ಇಂಗಾಲವಿದೆ, ಬಿಸಿಲಿಗೆ ಬೇಗ ಕಾಯುವ ನೆಲವಿದೆ. ನೀರಿನ ಗಿಡಕ್ಕೆ ಈ ಮೂರೂ ಇಲ್ಲ.

ಈಗ ಕೊಡಗು. ನಮ್ಮ ಬೆಟ್ಟಗಳ ನೆತ್ತಿಯಲ್ಲಿ ಸರೋವರ ಇಲ್ಲದಿರುವುದಕ್ಕೆ ಕಾರಣ ಇಲ್ಲಿ ಹಿಮನದಿ ಹರಿಯಲಿಲ್ಲ ಎಂಬುದು. ಬೆಟ್ಟದ ಮೇಲೆ ಬೋಗುಣಿ ಕೊರೆಯುವ ಕೆಲಸ ಹೆಚ್ಚಾಗಿ ಹಿಮನದಿಯದು. ಕೊಡಗಿನ ಬೆಟ್ಟಗಳನ್ನು ರೂಪಿಸಿದ್ದು ಮಳೆ ಮತ್ತು ಹರಿವ ನೀರು, ಅವು ಕೊರೆಯುವುದು ಕಣಿವೆ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬಿದ್ದರೂ ನೀರು ನಿಲ್ಲದೆ ಕೊಲ್ಲಿಗಳಿಗೆ ಇಳಿದುಬಿಡುತ್ತದೆ. ನಮ್ಮ ನೆರೆಯ ವಯನಾಡಿನಲ್ಲಿ ಚೆಂಬ್ರ ಬೆಟ್ಟದ ಇಳಿಜಾರಿನಲ್ಲಿ ಹೃದಯದಾಕಾರದ ಪುಟ್ಟ ಕೆರೆ, ತಪ್ಪಲಿನಲ್ಲಿ ಪೂಕೋಡ್ ಸರೋವರ ಇವೆ, ಅವು ಅಪರೂಪದವು. ಊಟಿ, ಕೊಡೈಕೆನಾಲ್‌ಗಳ ಪ್ರಸಿದ್ಧ ಸರೋವರಗಳು 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ತೊರೆಗೆ ಅಡ್ಡಕಟ್ಟೆ ಹಾಕಿ ಮಾಡಿಸಿದವು. ನಿಮ್ಮ ಪಕ್ಕದ ದೊಡ್ಡಮಳ್ತೆಯಲ್ಲಿ ಗೌರಿ ಹಬ್ಬಕ್ಕೆ ಬಾಗಿನ ಅರ್ಪಿಸುವ ಹೊನ್ನಮ್ಮನ ಕೆರೆಯೂ ಜನ ಕಟ್ಟಿದ್ದೇ.

ಹಾಗೆಂದು ಕೊಡಗಿನ ಎತ್ತರದಲ್ಲಿ ಜಲಸಸ್ಯಗಳಿಲ್ಲ ಎಂದುಕೊಳ್ಳಬೇಡಿ. ಹಿಮಾಲಯದ ಸರೋವರದ ನಿಜವಾದ ಬಂಧುಗಳು ಕೊಡಗಿನಲ್ಲಿ ಇರುವುದು ಬಂಡೆಯ ಗುಂಡಿಗಳಲ್ಲಿ, ಒಸರು ನೆಲದಲ್ಲಿ. ಕೋಟೆಬೆಟ್ಟ, ಪುಷ್ಪಗಿರಿ, ಬ್ರಹ್ಮಗಿರಿ, ತಡಿಯಂಡಮೋಳ್ ಎಲ್ಲಿಗಾದರೂ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗಿ. ಹುಲ್ಲಿನ ನಡುವೆ ಬಂಡೆ ಹೊರಬಿದ್ದ ಕಡೆ ಒಂದೆರಡು ಅಂಗುಲ ಮಣ್ಣು, ಅದರ ಮೇಲೆ ತೆಳು ನೀರು ನಿಂತಿರುತ್ತದೆ. ಮೊಣಕಾಲೂರಿ ಕುಳಿತು ನೋಡಿದರೆ ಬಿಳಿ ಗುಂಡಿಗಳನ್ನು ಕಡ್ಡಿಗೆ ಸಿಕ್ಕಿಸಿದಂತೆ ಕಾಣುವ ಎರಿಯೊಕಾಲಾನ್, ನೇರಳೆ ಬಣ್ಣದ ಪುಟ್ಟ ಹೂಗಳ ಯುಟ್ರಿಕ್ಯುಲೇರಿಯಾ, ಎಲೆಯ ರೋಮಗಳ ತುದಿಯಲ್ಲಿ ಅಂಟು ಹನಿ ಹೊತ್ತ ಡ್ರಾಸೆರಾ. ಇವುಗಳ ನಡುವೆ ಸೊನೆರಿಲಾ, ಗೌರಿಹೂವಿನ ಕುಟುಂಬದ ಕಾಡುಗಿಡಗಳು, ನೆಲದ ಆರ್ಕಿಡ್ ಹಬೆನೇರಿಯಾ, ನೀಲಿಬಿಳಿ ಎಕ್ಸಾಕಮ್.

ಇವುಗಳಲ್ಲಿ ಯುಟ್ರಿಕ್ಯುಲೇರಿಯಾ, ಡ್ರಾಸೆರಾ ಎರಡೂ ಕೀಟ ಹಿಡಿದು ತಿನ್ನುವ ಗಿಡಗಳು. ಯುಟ್ರಿಕ್ಯುಲೇರಿಯಾಕ್ಕೆ ನಿಜವಾದ ಬೇರಿಲ್ಲ. ಕೆಸರಿನೊಳಗೆ ಹರಡಿದ ದಾರಗಳ ಮೇಲೆ ಸಾಸಿವೆಗಿಂತ ಸಣ್ಣ ಚೀಲಗಳು. ಚೀಲದೊಳಗಿನ ನೀರನ್ನು ಅದು ಹೊರಹಾಕಿ ಗೋಡೆ ಒಳಕ್ಕೆ ಎಳೆದುಕೊಂಡಿರುತ್ತದೆ. ಸೂಕ್ಷ್ಮಜೀವಿಯೊಂದು ಬಾಗಿಲಿನ ರೋಮಕ್ಕೆ ತಾಗಿದರೆ ಸಾಕು, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಬಾಗಿಲು ತೆರೆದು ನೀರಿನ ಸಮೇತ ಅದನ್ನು ಒಳಗೆಳೆದುಕೊಳ್ಳುತ್ತದೆ. ಸಸ್ಯಲೋಕದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಗಿಡವೊಂದು ಇಷ್ಟು ಕಷ್ಟಪಟ್ಟು ಬೇಟೆಯಾಡುವುದು ಯಾಕೆಂದರೆ ಆ ನೀರಿನಲ್ಲಿ ಸಾರಜನಕ ಇಲ್ಲ. ಮಳೆ ಎಲ್ಲವನ್ನೂ ತೊಳೆದುಬಿಟ್ಟಿದೆ. ವಿಷನ್‌ಸರ್‌ನ ಹಾಗೇ ಇದೂ ಹಸಿದ ನೀರು, ಅದಕ್ಕೇ ಅಷ್ಟು ತಿಳಿ.

ಕಾಲದ ವಿಷಯದಲ್ಲೂ ಎರಡಕ್ಕೂ ಹೋಲಿಕೆಯಿದೆ. ಅಲ್ಲಿ ಗಿಡವನ್ನು ನಿಲ್ಲಿಸುವುದು ಮಂಜುಗಡ್ಡೆ, ಇಲ್ಲಿ ನಿಲ್ಲಿಸುವುದು ಬೇಸಿಗೆ. ಡಿಸೆಂಬರ್ ಕಳೆದರೆ ನಮ್ಮ ಬಂಡೆಗುಂಡಿ ಒಣಗುತ್ತದೆ, ಮಾರ್ಚ್‌ನಲ್ಲಿ ಆ ಬಂಡೆ ಮುಟ್ಟಲಾಗದಷ್ಟು ಕಾಯುತ್ತದೆ. ಗಿಡಗಳು ಬೀಜವಾಗಿ, ಗೆಡ್ಡೆಯಾಗಿ, ಐಸೋಯಿಟಿಸ್‌ನಂಥವು ನೆಲದೊಳಗಿನ ಕಾಂಡವಾಗಿ ಕಾಯುತ್ತವೆ. ಎರಡೂ ಕಡೆ ಸಿಗುವುದು ಜೂನ್‌ನಿಂದ ಶುರುವಾಗುವ ಕೆಲವೇ ತಿಂಗಳು. ಸಹ್ಯಾದ್ರಿಯ ಉತ್ತರದಲ್ಲಿ ಕಾಸ್ ಪಠಾರ ಇದೇ ಕಾರಣಕ್ಕೆ ಹೆಸರಾಗಿದೆ, ಸೆಪ್ಟೆಂಬರ್‌ನಲ್ಲಿ ಅಲ್ಲಿನ ಬಂಡೆಹಾಸು ಹೂವಿನಿಂದ ಮುಚ್ಚುತ್ತದೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಜತೆ ನಮ್ಮ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳೂ ಸೇರಿದವು. 2021ರ ಆಗಸ್ಟ್‌ನಲ್ಲಿ ಮಾಂದಲಪಟ್ಟಿ, ಕೋಟೆಬೆಟ್ಟಗಳಲ್ಲಿ ಕುರಿಂಜಿ ಅರಳಿದಾಗ ಜನ ಸಾಲುಗಟ್ಟಿ ಬಂದರು. ಆ ಹೂವನ್ನು ನೋಡಲು ನಿಂತ ಜಾಗದಲ್ಲೇ, ಕಾಲಡಿಯ ಒಸರಿನಲ್ಲಿ, ಈ ಪುಟ್ಟ ಗಿಡಗಳಿದ್ದವು. ಒಂದು ಜೀಪು ಹುಲ್ಲಿನ ಮೇಲೆ ತಿರುಗಿದರೆ ಆ ಎರಡು ಅಂಗುಲ ಮಣ್ಣು ಮುಗಿಯಿತು. ಉಳಿದ ಊಟ, ಸೋಪಿನ ನೀರು ಆ ಗುಂಡಿಗೆ ಬಿದ್ದರೆ ಹಸಿದ ನೀರು ಉಂಡ ನೀರಾಗುತ್ತದೆ, ಕೀಟ ತಿನ್ನುವ ಗಿಡ ಹೋಗಿ ಒರಟು ಹುಲ್ಲು ಬರುತ್ತದೆ. ಬೆಟ್ಟ ಹತ್ತುವ ಎಲ್ಲರಿಗೂ ನನ್ನ ಕೋರಿಕೆ ಇದೊಂದೇ: ಬಂಡೆಯ ಮೇಲಿನ ನೀರನ್ನು ಸರೋವರವೆಂದೇ ತಿಳಿಯಿರಿ, ಅದರಲ್ಲಿ ಕಾಲಿಡಬೇಡಿ.

ನೆತ್ತಿಯಿಂದ ಕೆಳಗಿಳಿದಂತೆ ನೀರು ಉಂಡು ಬರುತ್ತದೆ. ಬೆಟ್ಟದ ಮಡಿಕೆಯ ಶೋಲಾ ಕಾಡಿನಲ್ಲಿ ತೊರೆಯಂಚಿಗೆ ಮರಜರೀಗಿಡ, ವಾಟೆ ಬಿದಿರು, ಕೆಸುವಿನ ಕುಟುಂಬದ ಲಾಗೆನಾಂಡ್ರ. ಇನ್ನೂ ಕೆಳಗೆ, ಊರಿನ ತೋಡುಗಳ ಬದಿ, ನೀವು ಮಳೆಗಾಲದಲ್ಲಿ ಕೊಯ್ದು ತರುವ ತೆರ್ಮೆ ತೊಪ್ಪು (ಎಳೆ ಜರೀಗಿಡ), ಕೆಂಬು (ಕೆಸು), ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ ಬೇಕಾಗುವ ಮದ್ದ್ ತೊಪ್ಪು (ಮದ್ದಿನ ಸೊಪ್ಪು). ಕಣಿವೆಯ ತಳದಲ್ಲಿ ಹಡ್ಲು, ಅಂದರೆ ಜೌಗು ಹುಲ್ಲುಗಾವಲು. ಜೇಡಿಮಣ್ಣು ನೀರು ಹಿಡಿದಿಟ್ಟುಕೊಳ್ಳುವುದರಿಂದ ಹಡ್ಲಿನ ಹುಲ್ಲು ಬೇಸಿಗೆಯಲ್ಲೂ ಹಸಿರು. ನಾಗರಹೊಳೆಯಲ್ಲಿ ಆನೆ, ಕಾಟಿಗಳು ಏಪ್ರಿಲ್‌ನಲ್ಲಿ ಹಡ್ಲಿಗೆ ಬರುವುದು ಅದಕ್ಕೇ. ಊರುಗಳಲ್ಲಿ ಹಡ್ಲುಗಳೇ ಗದ್ದೆಗಳಾದವು, ಈಗ ಗದ್ದೆಗಳು ಕೆರೆಗಳಾಗುತ್ತಿವೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕದೆ ಬೆಳೆಗಾರನಿಗೆ ಬೇರೆ ದಾರಿಯಿಲ್ಲ ಎಂಬುದು ನನಗೆ ಗೊತ್ತು. ನಿಮ್ಮ ಕೆರೆಯೂ ಬಹುಶಃ ಹಾಗೇ ಆದದ್ದು. ಅಂದರೆ ಅದು ಸಹಜವಾಗಿಯೇ ಸಸ್ಯಗಳ ಜಾಗ. ಅಲ್ಲಿ ಗಿಡ ಬರುವುದು ರೋಗವಲ್ಲ.

ರೋಗ ಯಾವುದೆಂದರೆ ಅತಿಯಾದ ಗೊಬ್ಬರ. ಕಾಫಿಗೆ ಹಾಕಿದ ರಂಜಕ, ಸಾರಜನಕಗಳಲ್ಲಿ ಒಂದು ಪಾಲು ಜುಲೈ ಮಳೆಗೆ ಮಣ್ಣಿನ ಜತೆ ಕೊಚ್ಚಿಕೊಂಡು ಕೆರೆ ಸೇರುತ್ತದೆ. ಅರೇಬಿಕಾ ಹಣ್ಣಿನ ಪಲ್ಪಿಂಗ್ ನೀರು (ಸಿಪ್ಪೆ ಸುಲಿದು ತೊಳೆದ ನೀರು) ಕೆರೆಗೆ ಹರಿದರೆ ಇನ್ನೂ ಕೆಟ್ಟದ್ದು. ಅದರ ಸಕ್ಕರೆಯನ್ನು ಬ್ಯಾಕ್ಟೀರಿಯಾ ಕೊಳೆಸುವಾಗ ನೀರಿನ ಆಮ್ಲಜನಕ ಮುಗಿಯುತ್ತದೆ, ತಳದ ಕೆಸರಿನಲ್ಲಿ ಹಿಡಿದಿಟ್ಟಿದ್ದ ರಂಜಕ ಬಿಡುಗಡೆಯಾಗಿ ಮತ್ತೆ ನೀರಿಗೆ ಬರುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮು, ಸ್ಪ್ರೇಯರ್‌ಗಳನ್ನು ಕೆರೆಯಲ್ಲಿ ತೊಳೆಯುವ ಅಭ್ಯಾಸ ಎಷ್ಟೋ ತೋಟಗಳಲ್ಲಿದೆ. ಅದರ ತಾಮ್ರ ಕೆಸರಿನಲ್ಲಿ ಕೂತುಬಿಡುತ್ತದೆ, ಪಾಚಿ ಮೇಯುವ ಬಸವನಹುಳು, ಸಣ್ಣ ಜೀವಿಗಳನ್ನು ಕೊಲ್ಲುತ್ತದೆ. ಈ ಮೂರನ್ನು ನಿಲ್ಲಿಸದೆ ಕಳೆ ತೆಗೆಸುವುದಕ್ಕೆ ಖರ್ಚು ಮಾಡುವ ದುಡ್ಡು ವ್ಯರ್ಥ.

ಆಮೇಲೆ ಯಾವ ಗಿಡ ತೆಗೆಯಬೇಕು, ಯಾವುದು ಬಿಡಬೇಕು ಎಂಬುದು. ತೇಲುವ ಪರದೇಶಿ ಕಳೆಗಳಿಗೆ ಯಾವ ರಿಯಾಯಿತಿಯೂ ಬೇಡ: ನೇರಳೆ ಹೂವಿನ ವಾಟರ್ ಹಯಾಸಿಂತ್, ಮಡಚಿದ ಎಲೆಗಳ ಸಾಲ್ವಿನಿಯಾ. ಅನುಕೂಲವಿದ್ದರೆ ಎರಡು ವಾರದಲ್ಲಿ ಹಯಾಸಿಂತ್ ಇಮ್ಮಡಿಯಾಗುತ್ತದೆ. ನೀರಿನ ಮೇಲೆ ಮುಚ್ಚಿಗೆ ಹಾಕಿ ಕೆಳಗಿನ ಎಲ್ಲ ಗಿಡಗಳ ಬೆಳಕು ಕಸಿಯುತ್ತದೆ. ಇವು ದಕ್ಷಿಣ ಅಮೆರಿಕದವು, ಅಲ್ಲಿ ಇವನ್ನು ತಿನ್ನುವ ಕೀಟಗಳಿವೆ, ಇಲ್ಲಿರಲಿಲ್ಲ. 1983–84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಸಾಲ್ವಿನಿಯಾ ತಿನ್ನುವ ಪುಟ್ಟ ಸೊಂಡಿಲು ಹುಳವನ್ನು ಬಿಟ್ಟು ನೋಡಿದಾಗ ವರ್ಷದೊಳಗೆ ಕಳೆ ಹತೋಟಿಗೆ ಬಂತು, ಮುಚ್ಚಿಹೋಗಿದ್ದ ನೈದಿಲೆ ಮತ್ತೆ ಚಿಗುರಿತು. ಕೇರಳದಲ್ಲೂ ಅದೇ ಹುಳ ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡಿದೆ. ತೋಟದ ಕೆರೆಯಷ್ಟು ಜಾಗಕ್ಕೆ ಕೈಯಿಂದ ತೆಗೆಯುವುದೇ ಸಾಕು, ಆದರೆ ಹೂ ಬಿಡುವ ಮೊದಲು ತೆಗೆಯಬೇಕು. ಹಯಾಸಿಂತ್ ಬೀಜ ಕೆಸರಿನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಜೀವ ಹಿಡಿದಿರಬಲ್ಲದು.

ನೀರಿನೊಳಗೇ ಬೆಳೆಯುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಕಾರಾಗಳನ್ನು, ಎಲೆ ತೇಲಿಸುವ ನೈದಿಲೆ, ಬಿಳಿ ಹೂವಿನ ನಿಂಫಾಯ್ಡಿಸ್‌ಗಳನ್ನು ಪೂರ್ತಿ ತೆಗೆಯಬೇಡಿ. ಪಂಪಿನ ಕೊಳವೆಗೆ ಸಿಕ್ಕಿಕೊಳ್ಳುವ ಭಾಗ ಮಾತ್ರ ತೆರವು ಮಾಡಿ, ಅರ್ಧಕ್ಕಿಂತ ಹೆಚ್ಚು ಬಿಡಿ. ಅವು ಕೆಸರನ್ನು ಬೇರಿನಿಂದ ಹಿಡಿದಿಡುತ್ತವೆ, ಗೊಬ್ಬರವನ್ನು ಪಾಚಿಗಿಂತ ಮೊದಲು ಉಣ್ಣುತ್ತವೆ, ಪಾಚಿ ತಿನ್ನುವ ಸಣ್ಣ ಜೀವಿಗಳಿಗೆ ಮೀನಿನಿಂದ ಅಡಗಲು ಜಾಗ ಕೊಡುತ್ತವೆ. ಕಳೆ ತಿನ್ನಲೆಂದು ಹುಲ್ಲುಗೆಂಡೆ ಮೀನು ಬಿಡುವ ಸಲಹೆಯನ್ನು ಯಾರಾದರೂ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಅದು ಮೆದು ಗಿಡಗಳನ್ನೆಲ್ಲ ಬೋಳಿಸಿ ತಿಂದು ಗೊಬ್ಬರವಾಗಿ ನೀರಿಗೇ ಬಿಡುತ್ತದೆ, ಆಮೇಲೆ ಉಳಿಯುವುದು ಹಸಿರು ನೀರು. ದಾಲ್ ನೆನಪಿಗೆ ತಾವರೆ ಹಾಕುವ ಆಸೆ ನಿಮಗಿದ್ದರೆ, ಸೋಮವಾರಪೇಟೆಯ ಎತ್ತರ ಅದಕ್ಕೆ ಅಡ್ಡಿಯಲ್ಲ, ಬಿಸಿಲು ಬೀಳುವ ಕೆರೆ ಬೇಕು ಅಷ್ಟೇ. ಆದರೆ ಸಣ್ಣ ಕೆರೆಯಲ್ಲಿ ತಾವರೆ ಬೇರೆಯವರಿಗೆ ಜಾಗ ಬಿಡುವುದಿಲ್ಲ. ನೈದಿಲೆ ಸಾಕು ಎಂಬುದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ದಡ. ಜೆಸಿಬಿಯಿಂದ ತೋಡಿದ ಕೆರೆಗಳ ದಡ ಗೋಡೆಯಂತೆ ನೆಟ್ಟಗಿರುತ್ತದೆ. ದಡದಲ್ಲಿ ನಿಂತರೆ ಮಣ್ಣು, ಒಂದು ಹೆಜ್ಜೆ ಇಟ್ಟರೆ ಎರಡಾಳು ಆಳ. ದಡದ ಗಿಡಕ್ಕೂ ಜಾಗವಿಲ್ಲ, ಕಪ್ಪೆಗೂ ಹತ್ತಲು ದಾರಿಯಿಲ್ಲ, ಬಿದ್ದ ಕರುವಿಗೂ ಇಲ್ಲ. ಒಂದು ಬದಿಯನ್ನಾದರೂ, ತೋಟದ ನೀರು ಬಂದು ಸೇರುವ ಬದಿಯನ್ನು, ಇಳಿಜಾರು ಮಾಡಿಸಿ ಒಂದರಿಂದ ಎರಡು ಅಡಿ ನೀರು ನಿಲ್ಲುವ ಅಗಲವಾದ ಮೆಟ್ಟಿಲು ಬಿಡಿಸಿ. ಅಲ್ಲಿ ಬಜೆ, ಜೊಂಡು, ಕೆಂಬು, ಒಂದೆಲಗ, ನೀರುಬ್ರಾಹ್ಮಿ ತಾನಾಗಿ ಬರುತ್ತವೆ, ಬಾರದಿದ್ದರೆ ಪಕ್ಕದ ತೋಡಿನಿಂದ ತಂದು ನೆಡಿ. ಜೊಂಡು ಮಾತ್ರ ಮೂಲೆಯಲ್ಲಿರಲಿ, ಅದು ಹಬ್ಬುವ ಜಾತಿ. ಬಜೆ ಕಾಶ್ಮೀರದ ಜೌಗಿನಲ್ಲೂ ಬೆಳೆಯುತ್ತದೆ, ನಿಮ್ಮ ಗದ್ದೆ ಬದುವಿನಲ್ಲೂ ಬೆಳೆಯುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್‌ಗೆ ನೀರೆತ್ತಿದಾಗ ಈ ಮೆಟ್ಟಿಲು ಒಣಗಿ ಬಿರುಕು ಬಿಡುತ್ತದೆ. ಹೆದರಬೇಡಿ, ಅಂಚಿನ ಎಷ್ಟೋ ಗಿಡಗಳ ಬೀಜಕ್ಕೆ ಆ ಒಣಗುವಿಕೆ ಬೇಕು, ಮೊದಲ ಮಳೆಗೆ ಮೊಳೆಯುತ್ತವೆ. ಆದರೆ ಕೆರೆಯ ಆಳದ ಭಾಗವನ್ನು ಬರಿದು ಮಾಡಬೇಡಿ. ಕೆರೆಯ ಸುತ್ತ ನಾಲ್ಕೈದು ಮೀಟರ್ ಅಗಲಕ್ಕೆ ಗೊಬ್ಬರ, ಕಳೆನಾಶಕ ಎರಡನ್ನೂ ಹಾಕದೆ ಹುಲ್ಲು, ಪೊದೆ ಬಿಡಿ. ಪಡುವಣ ಬದಿಯಲ್ಲಿ ಒಂದಿಷ್ಟು ಕಾಡುಮರದ ನೆರಳಿದ್ದರೆ ಮಧ್ಯಾಹ್ನದ ಬಿಸಿಲು ತಗ್ಗಿ ಪಾಚಿಯ ಅಬ್ಬರ ಇಳಿಯುತ್ತದೆ. ಸಿಲ್ವರ್ ಓಕ್ ಬೇಡ, ನೇರಳೆ, ಅತ್ತಿಯಂಥವು ಇರಲಿ.

ಫಲ ಕಾಣಲು ಎರಡು ಮೂರು ಮಳೆಗಾಲ ಹಿಡಿಯುತ್ತದೆ, ಏಕೆಂದರೆ ಕೆಸರಿನಲ್ಲಿ ಕೂತ ಹಳೆಯ ಗೊಬ್ಬರ ಮುಗಿಯಬೇಕು. ಅಷ್ಟರವರೆಗೆ ಪ್ರತಿ ವರ್ಷ ಒಂದಿಷ್ಟು ಗಿಡ ಕೊಯ್ದು ಹೊರಹಾಕುವುದು ಒಳ್ಳೆಯದೇ, ಆ ಗಿಡದೊಳಗೆ ರಂಜಕವೂ ಹೊರಹೋಗುತ್ತದೆ. ಕೊಯ್ದದ್ದನ್ನು ದಡದಲ್ಲೇ ರಾಶಿ ಹಾಕಿದರೆ ಮಾತ್ರ ಪ್ರಯೋಜನವಿಲ್ಲ, ಕೊಳೆತ ರಸ ಮತ್ತೆ ಕೆರೆಗೇ ಇಳಿಯುತ್ತದೆ. ಕೆರೆಗಿಂತ ಎತ್ತರದಲ್ಲಿ, ದೂರದಲ್ಲಿ ಗುಂಡಿ ತೆಗೆದು ಸಗಣಿ, ಕಾಫಿ ಸಿಪ್ಪೆಯ ಜತೆ ಕೊಳೆಸಿ, ಕಾಫಿ ಗಿಡಗಳ ಬುಡಕ್ಕೆ ಹಾಕಿ. ನಿಮ್ಮ ತೋಟದಿಂದ ಮಳೆಗೆ ಕೊಚ್ಚಿಹೋದ ಗೊಬ್ಬರ ಹೀಗೆ ತೋಟಕ್ಕೇ ವಾಪಸಾಗುತ್ತದೆ, ಮುಂದಿನ ವರ್ಷ ಅಷ್ಟು ಚೀಲ ಕಡಿಮೆ ಕೊಂಡರೆ ಸಾಕು.